ಅಳಿಲಿನ ಮಿದುಳಿನಲ್ಲಿಲ್ಲದ ನಕ್ಷೆ ಬೆಕ್ಕಿನ ಮಿದುಳಿನಲ್ಲಿ ಏಕಿದೆ?

ಬೆಟ್ಟದಂಚು · ಶಿರಸಿ

ಸಸ್ತನಿಗಳ ಮಿದುಳಿನಲ್ಲಿ ನೋಟಕ್ಕೆ ಮೀಸಲಾದ ಭಾಗದ ನರಕೋಶಗಳು ಹೇಗೆ ಜೋಡಣೆಯಾಗಿವೆ ಎಂಬುದನ್ನು ಬಲ್ಲವರು ಇಲ್ಲಿ ವಿವರಿಸಬೇಕೆಂದು ಕೋರುತ್ತೇನೆ. ಕಾಲೇಜಿನಲ್ಲಿ ಜೀವವಿಜ್ಞಾನ ಓದುತ್ತಿರುವ ಮಗಳು ಹೇಳುವ ಪ್ರಕಾರ, ಬೆಕ್ಕು ಮತ್ತು ಮಂಗಗಳಲ್ಲಿ ಒಂದೇ ಓರೆಯ ಗೆರೆಗಳಿಗೆ ಸ್ಪಂದಿಸುವ ನರಕೋಶಗಳು ಅಕ್ಕಪಕ್ಕದಲ್ಲಿ ಗುಂಪಾಗಿ ಇರುತ್ತವೆ. ಈ ಜೋಡಣೆಯನ್ನೇ ನಕ್ಷೆ ಎನ್ನುತ್ತಾರಂತೆ. ಅಳಿಲು ಮತ್ತು ಇಲಿಗಳಲ್ಲಿ ಅವು ಕ್ರಮವಿಲ್ಲದೆ ಚದುರಿರುತ್ತವೆ.

ನನಗೆ ಈ ಮಾತು ತಿರುಗುಮುರುಗಾಗಿ ಕೇಳಿಸಿತು. ತೋಟದಲ್ಲಿ ಗಾಳಿಗೆ ತೂಗುತ್ತಿರುವ ಒಂದು ಅಡಿಕೆ ಮರದ ಸೋಗೆಯಿಂದ ಇನ್ನೊಂದರ ಸೋಗೆಗೆ ಹಾರುವ ಅಳಿಲು ಗುರಿ ತಪ್ಪಿದ್ದನ್ನು ನಾನು ಕಂಡದ್ದು ಅಪರೂಪ. ನಮ್ಮ ಮನೆಯ ಬೆಕ್ಕು ಮಾತ್ರ ಜಗಲಿಯಿಂದ ಕಿಟಕಿಗೆ ಹಾರುವಾಗಲೇ ಜಾರಿ ಬೀಳುತ್ತದೆ. ಅಚ್ಚುಕಟ್ಟಾದ ನಕ್ಷೆ ಇಟ್ಟುಕೊಂಡವನಿಗಿಂತ ಇಲ್ಲದವನೇ ಚೆನ್ನಾಗಿ ನೋಡುವುದಾದರೆ, ಆ ನಕ್ಷೆಯಿಂದ ಪ್ರಯೋಜನವೇನು?

ಜೀವಶಾಸ್ತ್ರದ ಮಾಸ್ತರು · ಕುಮಟಾ

ನಿಮ್ಮ ಮಗಳು ಹೇಳಿದ್ದು ಸರಿಯಾಗಿಯೇ ಇದೆ. ನಿಮ್ಮ ಕೊನೆಯ ಪ್ರಶ್ನೆಗೆ ಬರುವ ಮೊದಲು ಒಂದಿಷ್ಟು ಹಿನ್ನೆಲೆ ಹೇಳುವುದು ಒಳ್ಳೆಯದು, ಇಲ್ಲದಿದ್ದರೆ ಮುಂದಿನ ಚರ್ಚೆ ದಿಕ್ಕು ತಪ್ಪುತ್ತದೆ.

ಮನುಷ್ಯನ ಪ್ರತಿಯೊಂದು ಕಣ್ಣಿನಿಂದ ಸುಮಾರು 10 ಲಕ್ಷ ನರತಂತುಗಳು ಹೊರಡುತ್ತವೆ. ಅವುಗಳಲ್ಲಿ ಹೆಚ್ಚಿನವು ಥಲಾಮಸ್ ಎಂಬ ನಡುವಣ ನಿಲ್ದಾಣವನ್ನು ತಲುಪಿ, ಅಲ್ಲಿಂದ ಹೊಸ ನರಕೋಶಗಳ ಮೂಲಕ ಸುದ್ದಿಯನ್ನು ತಲೆಯ ಹಿಂಭಾಗದಲ್ಲಿರುವ ಪ್ರಾಥಮಿಕ ದೃಷ್ಟಿ ಕಾರ್ಟೆಕ್ಸ್‌ಗೆ ಒಪ್ಪಿಸುತ್ತವೆ. ಈ ಕಾರ್ಟೆಕ್ಸ್ ಸುಮಾರು 2 ಮಿಲಿಮೀಟರ್ ದಪ್ಪದ, ಆರು ಪದರಗಳ ಹಾಳೆ. ಥಲಾಮಸ್‌ನಿಂದ ಬರುವ ತಂತುಗಳು ಮುಖ್ಯವಾಗಿ ನಾಲ್ಕನೆಯ ಪದರಕ್ಕೆ ಬಂದು ಸೇರುತ್ತವೆ. ಅಲ್ಲಿ ಉಂಟಾಗುವ ಬಿಳಿ ಗೆರೆ ಬರಿಗಣ್ಣಿಗೇ ಕಾಣುತ್ತದೆ; ಇಟಲಿಯ ಪಾರ್ಮಾದಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಫ್ರಾಂಚೆಸ್ಕೊ ಜೆನ್ನಾರಿ ಅದನ್ನು 1776ರಲ್ಲಿಯೇ ಗುರುತಿಸಿದ್ದ. ನೋಟದೊಂದಿಗೆ ಅದಕ್ಕಿರುವ ಸಂಬಂಧ ಗೊತ್ತಾಗಲು ಆ ಬಳಿಕ ನೂರಕ್ಕೂ ಹೆಚ್ಚು ವರ್ಷಗಳು ಹಿಡಿದವು.

ಗೆರೆಗಳ ಓರೆಯ ವಿಷಯ ತಿಳಿದದ್ದು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಅವರಿಂದ. ಅವರು 1958ರಲ್ಲಿ ಅರಿವಳಿಕೆ ಕೊಟ್ಟ ಬೆಕ್ಕಿನ ಕಾರ್ಟೆಕ್ಸ್‌ಗೆ ಸೂಜಿಯಂಥ ಎಲೆಕ್ಟ್ರೋಡ್ ಇಳಿಸಿ, ಗಾಜಿನ ಸ್ಲೈಡಿನ ಮೇಲಿನ ಕಪ್ಪು ಚುಕ್ಕೆಯನ್ನು ಪರದೆಯ ಮೇಲೆ ತೋರಿಸುತ್ತಿದ್ದರು. ಚುಕ್ಕೆಗೆ ನರಕೋಶ ಸರಿಯಾಗಿ ಸ್ಪಂದಿಸಲಿಲ್ಲ. ಸ್ಲೈಡನ್ನು ಯಂತ್ರದೊಳಗೆ ಸರಿಸುವಾಗ ಅದರ ಅಂಚಿನ ತೆಳುವಾದ ನೆರಳು ಒಂದು ನಿರ್ದಿಷ್ಟ ಓರೆಯಲ್ಲಿ ಹಾದುಹೋದಾಗ ಮಾತ್ರ ಅದು ಜೋರಾಗಿ ಮಿಡಿಯಿತು. ನಿಂತ ಗೆರೆಗೆ ಮಿಡಿಯುವ ಕೋಶ ಮಲಗಿದ ಗೆರೆಗೆ ಸುಮ್ಮನಿರುತ್ತದೆ ಎಂಬ ಸಂಗತಿ ಹೀಗೆ ಹೊರಬಂದಿತು.

ಎಲೆಕ್ಟ್ರೋಡನ್ನು ಮೇಲ್ಮೈಗೆ ಲಂಬವಾಗಿ ಇಳಿಸಿದರೆ ಮೇಲಿನಿಂದ ಕೆಳಗಿನವರೆಗೂ ಸಿಗುವ ಕೋಶಗಳು ಬಹುಪಾಲು ಒಂದೇ ಓರೆಯನ್ನು ಇಷ್ಟಪಡುತ್ತವೆ. ಓರೆಯಾಗಿ ಇಳಿಸಿದರೆ ಇಷ್ಟದ ಕೋನ ಸ್ವಲ್ಪ ಸ್ವಲ್ಪವೇ ತಿರುಗುತ್ತಾ ಹೋಗುತ್ತದೆ. ಲಂಬವಾದ ಈ ಗುಂಪನ್ನೇ ಸ್ತಂಭ ಎನ್ನುತ್ತಾರೆ. ಇದಕ್ಕೂ ಮುಂಚೆ, 1957ರಲ್ಲಿ, ವರ್ನನ್ ಮೌಂಟ್‌ಕ್ಯಾಸಲ್ ಬೆಕ್ಕಿನ ಸ್ಪರ್ಶದ ಕಾರ್ಟೆಕ್ಸ್‌ನಲ್ಲಿ ಇಂಥ ಸ್ತಂಭಗಳನ್ನು ವಿವರಿಸಿದ್ದರು. ಮಂಗಗಳಲ್ಲಿ ಎಡಗಣ್ಣಿನ ಪಟ್ಟಿ, ಬಲಗಣ್ಣಿನ ಪಟ್ಟಿ ಎಂದು ಸುಮಾರು ಅರ್ಧ ಮಿಲಿಮೀಟರ್ ಅಗಲದ ಸಾಲುಗಳೂ ಇವೆ. ಎರಡೂ ಕಣ್ಣುಗಳ ಪಟ್ಟಿಗಳು ಮತ್ತು ಎಲ್ಲ ಓರೆಗಳು ಒಂದು ಸುತ್ತು ಮುಗಿಯಲು ಅಂದಾಜು 1 ಮಿಲಿಮೀಟರ್ ಜಾಗ ಸಾಕು. ಹ್ಯೂಬೆಲ್ ಮತ್ತು ವೀಸೆಲ್ ಇಬ್ಬರಿಗೂ 1981ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ಬೈತಖೋಲ · ಕಾರವಾರ

ಅಂದರೆ ನಾವು ನೋಡುವ ದೃಶ್ಯ ಮಿದುಳಿನೊಳಗೆ ಚಿತ್ರವಾಗಿ ಮೂಡುವುದಿಲ್ಲವೇ? ಕಣ್ಣಿನೊಳಗೆ ತಲೆಕೆಳಗಾಗಿ ಬಿದ್ದ ಚಿತ್ರವನ್ನು ಮಿದುಳು ನೆಟ್ಟಗೆ ಮಾಡುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೆವು.

ಕೂರ್ಮಗಡ · ಕಾರವಾರ

ನೇತ್ರವೈದ್ಯೆಯಾಗಿ ಇದಕ್ಕೆ ಉತ್ತರಿಸುತ್ತೇನೆ. ನೆಟ್ಟಗೆ ಮಾಡುವ ಕೆಲಸ ಎಲ್ಲಿಯೂ ನಡೆಯುವುದಿಲ್ಲ. ಕಣ್ಣಿನ ಮುಂದಿನ ದೃಶ್ಯದ ಕೆಳಭಾಗ ಕಾರ್ಟೆಕ್ಸ್‌ನ ಸೀಳಿನ ಮೇಲ್ದಂಡೆಯಲ್ಲಿಯೂ ಮೇಲ್ಭಾಗ ಕೆಳದಂಡೆಯಲ್ಲಿಯೂ ಇರುತ್ತದೆ. ಎಡಬದಿಯ ದೃಶ್ಯ ಬಲ ಮಿದುಳಿಗೆ, ಬಲಬದಿಯದ್ದು ಎಡ ಮಿದುಳಿಗೆ ಹೋಗುತ್ತದೆ. ಅಕ್ಕಪಕ್ಕದ ಬಿಂದುಗಳು ಅಕ್ಕಪಕ್ಕದಲ್ಲಿಯೇ ಉಳಿಯುತ್ತವೆ ಎಂಬುದೇ ಇಲ್ಲಿನ ನಿಯಮ. ಒಳಗೆ ಕುಳಿತು ಆ ಚಿತ್ರವನ್ನು ನೋಡುವವನು ಯಾರೂ ಇಲ್ಲದ ಕಾರಣ ಅದು ತಲೆಕೆಳಗಾಗಿದ್ದರೂ ತೊಂದರೆಯಿಲ್ಲ.

ಈ ಭೂಪಟ ನಮಗೆ ದೊರೆತ ಬಗೆ ಸಂತೋಷದ್ದಲ್ಲ. ರಷ್ಯಾ ಮತ್ತು ಜಪಾನ್ ನಡುವೆ 1904–05ರಲ್ಲಿ ನಡೆದ ಯುದ್ಧದಲ್ಲಿ ತಲೆಗೆ ಗುಂಡು ತಗುಲಿ ಬದುಕುಳಿದ ಸೈನಿಕರನ್ನು ತತ್ಸುಜಿ ಇನೊಉಯೆ ಎಂಬ ಜಪಾನಿ ನೇತ್ರವೈದ್ಯರು ಪರೀಕ್ಷಿಸಿ, ಗುಂಡು ಹೊಕ್ಕು ಹೊರಬಂದ ದಾರಿಯನ್ನೂ ಪ್ರತಿಯೊಬ್ಬನ ನೋಟದಲ್ಲಿ ಕತ್ತಲಾದ ಭಾಗವನ್ನೂ ಹೋಲಿಸಿದರು. ಆ ಗುಂಡುಗಳು ಸಣ್ಣವೂ ವೇಗವಾದವೂ ಆಗಿದ್ದುದರಿಂದ ಗಾಯ ಕಿರಿದಾಗಿ, ನಕ್ಷೆ ಬರೆಯುವಷ್ಟು ಖಚಿತವಾಗಿತ್ತು. ಮೊದಲನೆಯ ಮಹಾಯುದ್ಧದ ವೇಳೆ ಗಾರ್ಡನ್ ಹೋಮ್ಸ್ ಇದೇ ಕೆಲಸವನ್ನು ಬ್ರಿಟಿಷ್ ಸೈನಿಕರ ಮೇಲೆ ವಿಸ್ತರಿಸಿದರು.

ಭೂಪಟದ ಅಳತೆ ಎಲ್ಲ ಕಡೆಯೂ ಒಂದೇ ಅಲ್ಲ. ನೋಟದ ನಟ್ಟನಡುವಿನ 10 ಡಿಗ್ರಿಯಷ್ಟು ಭಾಗಕ್ಕೇ ಮನುಷ್ಯನ ಪ್ರಾಥಮಿಕ ದೃಷ್ಟಿ ಕಾರ್ಟೆಕ್ಸ್‌ನ ಅರ್ಧಕ್ಕಿಂತ ಹೆಚ್ಚು ಜಾಗ ಮೀಸಲಾಗಿದೆ. ಅಕ್ಷರ ಓದಲು ಕಣ್ಣನ್ನು ನೇರವಾಗಿ ಅದರ ಮೇಲೆಯೇ ಇಡಬೇಕಾದ ಕಾರಣಗಳಲ್ಲಿ ಇದೂ ಒಂದು.

ಕರಿ ಈಶಾಡ · ಅಂಕೋಲಾ

ಮಾಸ್ತರರು ಇತಿಹಾಸ ಹೇಳಿದರು, ವೈದ್ಯರು ಭೂಪಟ ಹೇಳಿದರು, ಶಿರಸಿಯವರ ಪ್ರಶ್ನೆಗೆ ಮಾತ್ರ ಇನ್ನೂ ಯಾರೂ ಕೈ ಹಾಕಿಲ್ಲ. ನನ್ನ ಅಭಿಪ್ರಾಯ ಸರಳವಾಗಿದೆ. ಇಷ್ಟು ಕ್ರಮಬದ್ಧವಾದ ರಚನೆ ಬೆಕ್ಕಿನಲ್ಲಿಯೂ ಮಂಗನಲ್ಲಿಯೂ ಮನುಷ್ಯನಲ್ಲಿಯೂ ಇರುವಾಗ ಅದಕ್ಕೆ ಒಂದು ಕೆಲಸ ಇರಲೇಬೇಕು. ಉಪಯೋಗವಿಲ್ಲದ್ದನ್ನು ನಿಸರ್ಗ ಲಕ್ಷಾಂತರ ವರ್ಷ ಕಾಪಾಡಿಕೊಂಡು ಬರುವುದಿಲ್ಲ. ಅಳಿಲಿನ ನೋಟ ನಮ್ಮ ನೋಟದಷ್ಟು ಸೂಕ್ಷ್ಮವಲ್ಲ ಎಂದರೆ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಅಘನಾಶಿನಿ · ಸಿದ್ದಾಪುರ, ಈಗ ಬೆಂಗಳೂರು

ಮುಗಿಯುವುದಿಲ್ಲ ಅಣ್ಣಾ. ನಾನು ನರವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಹ್ಯೂಬೆಲ್ ಮತ್ತು ವೀಸೆಲ್ ಒಂದೊಂದೇ ಕೋಶದ ಸದ್ದು ಕೇಳಿ ನಕ್ಷೆಯನ್ನು ಊಹಿಸಿದ್ದರು; ಸ್ತಂಭಗಳು ಸಮಾನಾಂತರ ಪಟ್ಟಿಗಳಂತೆ ಇರಬಹುದೆಂದು ಅವರ ಕಲ್ಪನೆಯಾಗಿತ್ತು. ಟೋಬಿಯಾಸ್ ಬಾನ್‌ಹೋಫರ್ ಮತ್ತು ಅಮಿರಾಮ್ ಗ್ರಿನ್‌ವಾಲ್ಡ್ 1991ರಲ್ಲಿ ಬೆಕ್ಕಿನ ಕಾರ್ಟೆಕ್ಸ್ ಕೆಲಸ ಮಾಡುವಾಗ ಅದರ ಮೇಲ್ಮೈಯಿಂದ ಮರಳುವ ಬೆಳಕಿನಲ್ಲಾಗುವ ಅತಿ ಸಣ್ಣ ಬದಲಾವಣೆಗಳನ್ನು ಕ್ಯಾಮೆರಾದಿಂದ ಹಿಡಿದಾಗ ಬೇರೆಯೇ ಚಿತ್ರ ಕಂಡಿತು. ಒಂದು ಬಿಂದುವಿನ ಸುತ್ತ ಎಲ್ಲ ಓರೆಗಳೂ ಗಿರಗಿಟ್ಲೆಯ ಎಸಳುಗಳಂತೆ ಒಂದಾದ ಮೇಲೊಂದು ಸುತ್ತಿಕೊಂಡಿದ್ದವು. ಇವುಗಳನ್ನೇ ಪಿನ್‌ವೀಲ್ ಎನ್ನುತ್ತೇವೆ. ಮಂಗ, ಫೆರೆಟ್ (ನೀಳ ಮೈಯ ಪುಟ್ಟ ಮಾಂಸಾಹಾರಿ), ಟ್ರೀ ಶ್ರೂ ಮೊದಲಾದ ಪ್ರಾಣಿಗಳಲ್ಲಿಯೂ ಇವು ಇವೆ.

ಆಮೇಲೆ 2005ರಲ್ಲಿ ಎರಡು ಫಲಿತಾಂಶಗಳು ಬಂದವು. ಕೆನಿಚಿ ಓಹ್ಕಿ ಮತ್ತು ಸಂಗಡಿಗರು ಕೋಶ ಮಿಡಿದಾಗ ಹೊಳೆಯುವ ಕ್ಯಾಲ್ಸಿಯಂ ಬಣ್ಣ ತುಂಬಿದ ನೂರಾರು ಕೋಶಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೆಕ್ಕಿನಲ್ಲಿ ಗುಂಪಿನ ಗಡಿ ಎಷ್ಟು ಖಚಿತವಾಗಿತ್ತೆಂದರೆ, ಗಡಿಯ ಎರಡೂ ಬದಿಯ ಕೋಶಗಳು ಬೆರೆತಿರಲೇ ಇಲ್ಲ. ಇಲಿಯಲ್ಲಿ ಪ್ರತಿಯೊಂದು ಕೋಶಕ್ಕೂ ತನ್ನದೇ ಆದ ಓರೆ ಇತ್ತು, ಆದರೆ ಪಕ್ಕದ ಕೋಶದ ಓರೆಗೂ ಅದಕ್ಕೂ ಸಂಬಂಧವಿರಲಿಲ್ಲ. ಉಪ್ಪು ಮತ್ತು ಮೆಣಸಿನ ಪುಡಿ ಬೆರೆಸಿದ ಜೋಡಣೆ ಎಂದೇ ನಮ್ಮ ಕ್ಷೇತ್ರದಲ್ಲಿ ಇದಕ್ಕೆ ಹೆಸರು. ಇಲಿಯ ನೋಟ ಮಂದ, ಅದಕ್ಕೇ ಹೀಗೆ ಎಂದು ಕೆಲವರು ವಾದಿಸಬಹುದಿತ್ತು. ಅದೇ ವರ್ಷ ಸ್ಟೀಫನ್ ವ್ಯಾನ್ ಹೂಸರ್ ಮತ್ತು ಸಂಗಡಿಗರು ಅಮೆರಿಕದ ಬೂದು ಅಳಿಲನ್ನು ಪರೀಕ್ಷಿಸಿದರು. ಅದು ಹಗಲಿನಲ್ಲಿ ಓಡಾಡುವ, ನೋಟವನ್ನೇ ನೆಚ್ಚಿ ಬದುಕುವ ಪ್ರಾಣಿ. ದೃಷ್ಟಿ ಕಾರ್ಟೆಕ್ಸ್ ಕೂಡ ದೊಡ್ಡದು. ಅದರ ಕೋಶಗಳು ಓರೆಯನ್ನು ಚೆನ್ನಾಗಿ ಆರಿಸುತ್ತವೆ, ಆದರೂ ನಕ್ಷೆ ಇಲ್ಲ.

ಶಿರಸಿಯ ಅಣ್ಣನವರೇ, ನಿಮ್ಮ ತೋಟದ್ದು ಬೇರೆ ಜಾತಿಯ ಅಳಿಲು ಎಂಬುದನ್ನು ಮರೆಯಬೇಡಿ. ನಾನು ಹೇಳಿದ್ದು ಬೂದು ಅಳಿಲಿನ ಮಾತು.

ಶರಾವತಿ ಸೇತುವೆ · ಹೊನ್ನಾವರ

ಹಾಗಾದರೆ ಓರೆ ಗುರುತಿಸಲು ಕೋಶ ಬೇಕು, ನಕ್ಷೆ ಬೇಡ. ಇಷ್ಟನ್ನು ಒಂದು ಸಾಲಿನಲ್ಲಿ ಹೇಳಬಹುದಿತ್ತು.

ಅಘನಾಶಿನಿ · ಸಿದ್ದಾಪುರ, ಈಗ ಬೆಂಗಳೂರು

ಒಂದು ಸಾಲಿನಲ್ಲಿ ಹೇಳಿದ್ದರೆ ಅಂಕೋಲೆಯವರು ನಂಬುತ್ತಿರಲಿಲ್ಲ.

ಕರಿ ಈಶಾಡ · ಅಂಕೋಲಾ

ವಿವರವಾಗಿ ಹೇಳಿದ ಮೇಲೂ ನಾನು ಪೂರ್ತಿ ನಂಬಿಲ್ಲ. ನೀವು ತೋರಿಸಿದ್ದು ನಕ್ಷೆಯಿಲ್ಲದೆ ಓರೆ ಗುರುತಿಸಬಹುದು ಎಂಬುದನ್ನು ಮಾತ್ರ. ನೋಡುವುದೆಂದರೆ ಓರೆ ಗುರುತಿಸುವುದಷ್ಟೇ ಅಲ್ಲ. ಅಡಿಕೆಯ ಗೊನೆಯನ್ನು ಹಿಂದಿನ ಎಲೆಗಳಿಂದ ಬೇರ್ಪಡಿಸುವುದು, ಒಂದರ ಹಿಂದೆ ಅರ್ಧ ಮರೆಯಾದ ಮರದ ಅಂಚನ್ನು ಮನಸ್ಸಿನಲ್ಲಿ ಮುಂದುವರಿಸುವುದು ಇವೆಲ್ಲವೂ ಇವೆ. ಅಂಥ ಕೆಲಸಗಳಿಗೆ ನಕ್ಷೆ ನೆರವಾಗುವುದಿಲ್ಲ ಎಂಬುದಕ್ಕೆ ಅಳಿಲಿನ ಪ್ರಯೋಗ ಸಾಕ್ಷಿಯಾಗುವುದು ಹೇಗೆ?

ಜೀವಶಾಸ್ತ್ರದ ಮಾಸ್ತರು · ಕುಮಟಾ

ಇದು ನ್ಯಾಯವಾದ ಆಕ್ಷೇಪ. ನಕ್ಷೆಯ ಪ್ರಯೋಜನದ ಬಗ್ಗೆ ಹೆಚ್ಚು ಮಂದಿ ಮುಂದಿಡುವ ವಾದ ತಂತಿಯ ಉಳಿತಾಯದ್ದು. ಒಂದೇ ಓರೆಯ ಕೋಶಗಳು ಪರಸ್ಪರ ಹೆಚ್ಚು ಮಾತನಾಡಬೇಕಾಗಿದ್ದರೆ ಅವುಗಳನ್ನು ಹತ್ತಿರ ಇಡುವುದರಿಂದ ತಂತುಗಳ ಒಟ್ಟು ಉದ್ದ ಕಡಿಮೆಯಾಗುತ್ತದೆ. ತೋಟದಲ್ಲಿ ಒಟ್ಟಿಗೆ ನೀರು ಬೇಕಾದ ಗಿಡಗಳನ್ನು ಒಂದೇ ಕಡೆ ನೆಟ್ಟರೆ ಸ್ಪ್ರಿಂಕ್ಲರಿನ ಪೈಪು ಉಳಿಯುವ ಹಾಗೆ. ಅಲೆಕ್ಸಿ ಕೌಲಾಕೊವ್ ಮತ್ತು ಡಿಮಿಟ್ರಿ ಚ್ಕ್ಲೋವ್‌ಸ್ಕಿ 2001ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಒಂದೇ ಓರೆಯ ಕೋಶಗಳೊಡನೆ ಎಷ್ಟು ಸಂಪರ್ಕ, ಬೇರೆ ಓರೆಯ ಕೋಶಗಳೊಡನೆ ಎಷ್ಟು ಸಂಪರ್ಕ ಎಂಬ ಪ್ರಮಾಣವನ್ನು ಬದಲಿಸಿದರೆ, ಅತಿ ಕಡಿಮೆ ತಂತಿ ಬೇಡುವ ಜೋಡಣೆ ಒಮ್ಮೆ ಪಟ್ಟಿಗಳಾಗಿ, ಒಮ್ಮೆ ಪಿನ್‌ವೀಲ್‌ಗಳಾಗಿ, ಒಮ್ಮೆ ಉಪ್ಪು-ಮೆಣಸಾಗಿ ಹೊರಬರುತ್ತದೆ. ಅಂದರೆ ನಕ್ಷೆ ನೋಟದ ಸಾಧನವಲ್ಲ, ಸಂಪರ್ಕದ ಬಗೆಯಿಂದ ಹುಟ್ಟುವ ಪರಿಣಾಮ.

ಕರಿ ಈಶಾಡ · ಅಂಕೋಲಾ

ಈ ವಾದದ ಪ್ರಕಾರ ಇಲಿಯಲ್ಲಿ ಒಂದೇ ಓರೆಯ ಕೋಶಗಳು ಒಂದನ್ನೊಂದು ಹುಡುಕಿ ಸೇರಬಾರದು. ಅವು ಯಾರೊಡನೆ ಬೇಕಾದರೂ ಸಂಪರ್ಕ ಬೆಳೆಸಬೇಕು. ನಿಜವಾಗಿಯೂ ಹಾಗಿದೆಯೇ?

ಅಘನಾಶಿನಿ · ಸಿದ್ದಾಪುರ, ಈಗ ಬೆಂಗಳೂರು

ಒಳ್ಳೆಯ ಪ್ರಶ್ನೆ, ಮತ್ತು ಉತ್ತರ ಮಾಸ್ತರರ ವಾದಕ್ಕೆ ಪೂರ್ತಿ ಅನುಕೂಲವಾಗಿಲ್ಲ. ಹೊ ಕೊ ಮತ್ತು ಸಂಗಡಿಗರು 2011ರಲ್ಲಿ ಚಿಟ್ಟಿಲಿಯ ಕಾರ್ಟೆಕ್ಸ್‌ನಲ್ಲಿ ಮೊದಲು ಕೋಶಗಳ ಇಷ್ಟದ ಓರೆಯನ್ನು ಗುರುತಿಸಿ, ನಂತರ ಅದೇ ಕೋಶಗಳ ನಡುವೆ ಸಂಪರ್ಕವಿದೆಯೇ ಎಂದು ಪರೀಕ್ಷಿಸಿದರು. ಚದುರಿದ್ದರೂ ಒಂದೇ ಬಗೆಯ ಕೋಶಗಳ ನಡುವೆ ಸಂಪರ್ಕದ ಸಾಧ್ಯತೆ ಹೆಚ್ಚಾಗಿತ್ತು. ಅಂದರೆ ಬೆರೆತುಹೋದ ಜನರ ನಡುವೆಯೂ ಕೋಶಗಳು ತಮ್ಮವರನ್ನು ಆರಿಸಿಕೊಳ್ಳುತ್ತವೆ. ಒಂದೇ ತಾಯಿಕೋಶದಿಂದ ಹುಟ್ಟಿದ ಕೋಶಗಳು ಸಮಾನ ಓರೆಯನ್ನು ಇಷ್ಟಪಡುವ ಒಲವು ತೋರುತ್ತವೆ ಎಂಬುದೂ 2012ರಲ್ಲಿ ಕಂಡುಬಂದಿದೆ. ಹೀಗಾಗಿ ಇಲಿಯದ್ದು ಶುದ್ಧ ಗೊಂದಲ ಎಂದು ತಿಳಿಯುವುದು ಸರಿಯಲ್ಲ. ಕ್ರಮ ಜಾಗದಲ್ಲಿಲ್ಲ, ಸಂಪರ್ಕದಲ್ಲಿದೆ.

ಚಿಟ್ಟಿಲಿಯ ದೃಷ್ಟಿ ಕಾರ್ಟೆಕ್ಸ್‌ನ ಒಂದು ಘನ ಮಿಲಿಮೀಟರ್ ಭಾಗದ ತಂತಿನಕ್ಷೆ 2025ರಲ್ಲಿ ಪ್ರಕಟವಾಯಿತು. ಕಾಳಿನಷ್ಟೂ ಇಲ್ಲದ ಆ ತುಣುಕಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೋಶಗಳು, ಐವತ್ತು ಕೋಟಿಗೂ ಹೆಚ್ಚು ಸಂಪರ್ಕಬಿಂದುಗಳು ಇವೆ. ಅಲ್ಲಿಯೂ ಸಮಾನ ಸ್ವಭಾವದ ಕೋಶಗಳು ಪರಸ್ಪರ ಸೇರುವ ಒಲವು ಕಂಡಿದೆ.

ಬೆಟ್ಟದಂಚು · ಶಿರಸಿ

ಚರ್ಚೆ ನಾನು ನಿರೀಕ್ಷಿಸಿದ್ದಕ್ಕಿಂತ ಆಳಕ್ಕೆ ಇಳಿದಿದೆ, ಎಲ್ಲರಿಗೂ ಧನ್ಯವಾದಗಳು. ಒಂದು ಉಪಪ್ರಶ್ನೆ: ಗಾತ್ರದಿಂದ ಇದನ್ನು ವಿವರಿಸಲಾಗದೇ? ಸಣ್ಣ ಮಿದುಳಿಗೆ ತಂತಿಯ ಉಳಿತಾಯ ಬೇಕಾಗಿಲ್ಲ, ದೊಡ್ಡ ಮಿದುಳಿಗೆ ಬೇಕು ಎಂದರೆ ಇಲಿ ಮತ್ತು ಮಂಗಗಳ ವ್ಯತ್ಯಾಸ ಅರ್ಥವಾಗುತ್ತದೆ.

ಅಘನಾಶಿನಿ · ಸಿದ್ದಾಪುರ, ಈಗ ಬೆಂಗಳೂರು

ಇಲಿ ಮತ್ತು ಮಂಗ ಮಾತ್ರ ಇದ್ದಿದ್ದರೆ ಆಗುತ್ತಿತ್ತು. ಟ್ರೀ ಶ್ರೂ ನೋಡಲು ಅಳಿಲಿನಂತೆಯೇ ಇರುವ, ಗಾತ್ರದಲ್ಲಿ ಬೂದು ಅಳಿಲಿಗಿಂತ ಚಿಕ್ಕದಾದ ಪ್ರಾಣಿ. ಅದರಲ್ಲಿ ಸುಂದರವಾದ ನಕ್ಷೆ ಇದೆ. ಮಡಗಾಸ್ಕರ್‌ನ ಮೌಸ್ ಲೀಮರ್ ಇಲಿಗಿಂತ ಹಗುರ, ತೂಕ ಸುಮಾರು 60 ಗ್ರಾಂ ಮಾತ್ರ, ಆದರೆ ಅದು ಮಂಗಗಳ ವಂಶಕ್ಕೆ ಸೇರಿದ್ದು. ಅದರ ಕಾರ್ಟೆಕ್ಸ್‌ನಲ್ಲಿಯೂ ಪಿನ್‌ವೀಲ್‌ಗಳಿವೆ ಎಂಬುದು 2021ರಲ್ಲಿ ಪ್ರಕಟವಾಯಿತು. ಅಷ್ಟೇ ಅಲ್ಲ, ಒಂದೊಂದು ಪಿನ್‌ವೀಲ್‌ನ ಅಳತೆ ದೊಡ್ಡ ಮಂಗಗಳಲ್ಲಿ ಇರುವುದಕ್ಕೆ ಹತ್ತಿರವಾಗಿಯೇ ಇದೆ. ಪುಟ್ಟ ಮಿದುಳು ಎಂದು ಅವು ಕುಗ್ಗಿಲ್ಲ. ಆದ್ದರಿಂದ ಗಾತ್ರಕ್ಕಿಂತ ವಂಶಾವಳಿಯೇ ಇಲ್ಲಿ ಹೆಚ್ಚು ಹೇಳುತ್ತದೆ ಎಂಬುದು ನನ್ನ ನಿಲುವು.

ಶರಾವತಿ ಸೇತುವೆ · ಹೊನ್ನಾವರ

ಗಣಿತದವನಾಗಿ ಒಂದು ಮಾತು ಸೇರಿಸುತ್ತೇನೆ, ಈ ಬಾರಿ ಒಂದು ಸಾಲಿಗಿಂತ ಹೆಚ್ಚು. ಮಥಿಯಾಸ್ ಕಾಶುಬೆ ಮತ್ತು ಸಂಗಡಿಗರು 2010ರಲ್ಲಿ ಫೆರೆಟ್, ಟ್ರೀ ಶ್ರೂ ಮತ್ತು ಗಲಾಗೊ (ಮಂಗಗಳ ವಂಶದ ಆಫ್ರಿಕಾದ ಪುಟ್ಟ ಪ್ರಾಣಿ) ಎಂಬ ಮೂರು ದೂರದ ಸಂಬಂಧಿಗಳ ನಕ್ಷೆಗಳನ್ನು ಅಳೆದರು. ನಕ್ಷೆಯ ಒಂದು ಸುತ್ತಿನ ಉದ್ದವನ್ನು ಬದಿಯಾಗಿ ಇಟ್ಟು ಚೌಕ ಎಳೆದರೆ, ಅಂಥ ಚೌಕದಲ್ಲಿ ಸರಾಸರಿ ಎಷ್ಟು ಪಿನ್‌ವೀಲ್‌ಗಳು ಬರುತ್ತವೆ ಎಂಬುದು ಅವರ ಲೆಕ್ಕ. ಮೂರರಲ್ಲಿಯೂ ಅದು 3.14ಕ್ಕೆ, ಅಂದರೆ ಪೈಗೆ, ಅತಿ ಹತ್ತಿರವಾಗಿತ್ತು. ಈ ಮೂರೂ ವಂಶಗಳು ಬೇರ್ಪಟ್ಟು ಆರು ಕೋಟಿ ವರ್ಷಗಳಿಗೂ ಹೆಚ್ಚಾಗಿದೆ.

ಕರಿ ಈಶಾಡ · ಅಂಕೋಲಾ

ಪೈ ಬಂದ ಕೂಡಲೇ ಮೈ ಜುಮ್ಮೆನ್ನಬೇಕಾಗಿಲ್ಲ ಮಾರಾಯರೇ. ಅಲೆಗಳನ್ನು ಯಾದೃಚ್ಛಿಕವಾಗಿ ಒಂದರ ಮೇಲೊಂದು ಪೇರಿಸಿ ಕೃತಕ ನಕ್ಷೆ ಮಾಡಿದರೂ ಪೈ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚಿನ ಸಂಖ್ಯೆ ಸಿಗುತ್ತದೆ.

ಶರಾವತಿ ಸೇತುವೆ · ಹೊನ್ನಾವರ

ಸಂಖ್ಯೆಯ ಮಟ್ಟಿಗೆ ಒಪ್ಪುತ್ತೇನೆ. ಅವರ ವಾದ ಆ ಒಂದು ಸಂಖ್ಯೆಯ ಮೇಲೆ ಮಾತ್ರ ನಿಂತಿಲ್ಲ. ಪಿನ್‌ವೀಲ್‌ಗಳ ನಡುವಿನ ಅಂತರ ಹೇಗೆ ಹಂಚಿಕೆಯಾಗಿದೆ, ಒಂದು ಜಾಗದಿಂದ ಇನ್ನೊಂದಕ್ಕೆ ಎಣಿಕೆ ಎಷ್ಟು ಏರಿಳಿಯುತ್ತದೆ ಎಂಬುದನ್ನೂ ಅಳೆದಿದ್ದಾರೆ. ದೂರದ ಕೋಶಗಳ ನಡುವಿನ ಸಂಪರ್ಕವೇ ಮೇಲುಗೈ ಪಡೆದಾಗ ನಕ್ಷೆ ತನ್ನಷ್ಟಕ್ಕೆ ತಾನೇ ಈ ರೂಪಕ್ಕೆ ಬಂದು ನಿಲ್ಲುತ್ತದೆ ಎಂಬುದು ಅವರ ಮಾದರಿ. ಹಾಗಿದ್ದರೆ ನಿಮ್ಮ ಮೊದಲ ಮಾತಿಗೆ, ಕ್ರಮವಿದ್ದಲ್ಲಿ ಕೆಲಸ ಇರಲೇಬೇಕು ಎಂಬುದಕ್ಕೆ, ಆಧಾರ ಇನ್ನಷ್ಟು ತೆಳುವಾಗುತ್ತದೆ. ತಾನಾಗಿ ಮೂಡುವ ಕ್ರಮಕ್ಕೆ ಕೆಲಸದ ಹಂಗಿಲ್ಲ.

ಬೈತಖೋಲ · ಕಾರವಾರ

ಮಧ್ಯೆ ಪ್ರವೇಶಿಸುವುದಕ್ಕೆ ಕ್ಷಮೆಯಿರಲಿ. ನನಗೆ ಅರೆತಲೆನೋವು ಬರುವ ಮೊದಲು ಕಣ್ಣ ಮುಂದೆ ಕೋಟೆಯ ಗೋಡೆಯಂಥ ಅಂಕುಡೊಂಕು ಗೆರೆಗಳು ಮಿನುಗುತ್ತಾ, ನಡುವಿನಿಂದ ಅಂಚಿನ ಕಡೆಗೆ ಹರಡುತ್ತವೆ. ಕಣ್ಣು ಮುಚ್ಚಿದರೂ ಹೋಗುವುದಿಲ್ಲ. ಇದಕ್ಕೂ ನೀವು ಹೇಳುವ ಓರೆ ಗೆರೆಗಳ ಕೋಶಗಳಿಗೂ ಸಂಬಂಧವಿದೆಯೇ?

ಕೂರ್ಮಗಡ · ಕಾರವಾರ

ಇದೆ ಎಂದೇ ಬಹುಮಂದಿ ತಿಳಿಯುತ್ತಾರೆ. ಕಾರ್ಲ್ ಲ್ಯಾಶ್ಲಿ ಎಂಬ ವಿಜ್ಞಾನಿಗೂ ನಿಮ್ಮಂತೆಯೇ ಆಗುತ್ತಿತ್ತು. ಅವರು ತಮಗೆ ಕಾಣುವ ಅಂಕುಡೊಂಕನ್ನು ಹೊತ್ತುಹೊತ್ತಿಗೆ ಬರೆದಿಟ್ಟು, ಅದು ಹರಡುವ ವೇಗವನ್ನು ದೃಷ್ಟಿ ಕಾರ್ಟೆಕ್ಸ್‌ನ ಅಳತೆಗೆ ಇಳಿಸಿ, ಮಿದುಳಿನ ಮೇಲ್ಮೈಯಲ್ಲಿ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಸರಿಯುತ್ತಿದೆ ಎಂದು 1941ರಲ್ಲಿ ಲೆಕ್ಕ ಹಾಕಿದರು. ಆ ವೇಗದಲ್ಲಿ ಹರಡುವ ವಿದ್ಯುತ್ ಅಲೆಯನ್ನು ಪ್ರಾಣಿಗಳಲ್ಲಿ ನಂತರ ಗುರುತಿಸಲಾಯಿತು. ಅಲೆ ಮುಂದುವರಿದಂತೆ ಅಂಚಿನ ಕೋಶಗಳು ಸುಮ್ಮಸುಮ್ಮನೆ ಮಿಡಿಯುತ್ತವೆ. ಆ ಕೋಶಗಳು ಒಂದೊಂದು ಓರೆಯ ಗೆರೆಗೆ ಮೀಸಲಾದವು ಆದ್ದರಿಂದ ನಮಗೆ ಮಂಜಾಗಲಿ ಬಣ್ಣದ ಮೋಡವಾಗಲಿ ಕಾಣದೆ ಗೆರೆಗಳೇ ಕಾಣುತ್ತವೆ ಎಂಬುದು ವಿವರಣೆ. ಅಂಚಿಗೆ ಸರಿದಂತೆ ಗೆರೆಗಳು ದೊಡ್ಡದಾಗಿ, ಬೇಗ ಓಡುವಂತೆ ಕಾಣುವುದು ಭೂಪಟದ ಅಳತೆ ಅಂಚಿನಲ್ಲಿ ಕಿರಿದಾಗುವುದರಿಂದ.

ಇದು ಮೊದಲ ಬಾರಿಗೆ ಬಂದಿದ್ದರೆ ಅಥವಾ ಒಂದು ತಾಸಿಗಿಂತ ಹೆಚ್ಚು ಉಳಿದರೆ ವೈದ್ಯರಿಗೆ ತೋರಿಸಲೇಬೇಕು.

ಉಂಚಳ್ಳಿ · ಸಿದ್ದಾಪುರ

ವೈದ್ಯರೇ, ನಿಮ್ಮನ್ನು ಕೇಳಬೇಕಾದ ಮಾತೊಂದಿದೆ. ನಮ್ಮ ಅಕ್ಕನ ನಾಲ್ಕು ವರ್ಷದ ಮಗನಿಗೆ ಒಂದು ಕಣ್ಣು ಒಳಕ್ಕೆ ಸರಿಯುತ್ತದೆ. ಮನೆಯ ಹಿರಿಯರು ಬೆಳೆಯುತ್ತಾ ಸರಿಹೋಗುತ್ತದೆ ಎನ್ನುತ್ತಾರೆ. ಮೇಲೆ ಬರೆದಿರುವ ಎಡಗಣ್ಣಿನ ಪಟ್ಟಿ, ಬಲಗಣ್ಣಿನ ಪಟ್ಟಿ ಓದಿದಾಗ ಹೆದರಿಕೆಯಾಯಿತು.

ಕೂರ್ಮಗಡ · ಕಾರವಾರ

ತಂಗೀ, ಈ ವಾರವೇ ನೇತ್ರವೈದ್ಯರಿಗೆ ತೋರಿಸಲು ಹೇಳಿ. ನಾನು ಈ ಚರ್ಚೆಗೆ ಬಂದದ್ದೇ ಇಂಥ ಮಾತಿಗಾಗಿ.

ವೀಸೆಲ್ ಮತ್ತು ಹ್ಯೂಬೆಲ್ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೆಕ್ಕಿನ ಮರಿಯ ಒಂದು ಕಣ್ಣಿನ ರೆಪ್ಪೆಯನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ಹೊಲಿದು, ಎರಡು ಮೂರು ತಿಂಗಳ ನಂತರ ಬಿಚ್ಚಿದರು. ಕಣ್ಣು ಆರೋಗ್ಯವಾಗಿಯೇ ಇತ್ತು, ಆದರೆ ಕಾರ್ಟೆಕ್ಸ್‌ನ ಕೋಶಗಳಲ್ಲಿ ಹೆಚ್ಚುಕಡಿಮೆ ಯಾವುದೂ ಅದರ ಮಾತು ಕೇಳುತ್ತಿರಲಿಲ್ಲ. ಬೆಳೆದ ಬೆಕ್ಕಿನ ಕಣ್ಣನ್ನು ಅದಕ್ಕಿಂತ ಹೆಚ್ಚು ಕಾಲ ಮುಚ್ಚಿದರೂ ಇಂಥ ಹಾನಿಯಾಗಲಿಲ್ಲ. ಮಂಗಗಳಲ್ಲಿ ನೋಡಿದಾಗ ಮುಚ್ಚಿದ ಕಣ್ಣಿನ ಪಟ್ಟಿಗಳು ಕುಗ್ಗಿ, ತೆರೆದ ಕಣ್ಣಿನ ಪಟ್ಟಿಗಳು ಅಗಲವಾಗಿದ್ದವು. ಪಟ್ಟಿಗಳು ಹುಟ್ಟುವಾಗಲೇ ಇರುತ್ತವೆ. ಅವುಗಳನ್ನು ಉಳಿಸಿಕೊಳ್ಳಲು ಎಳೆಯ ವಯಸ್ಸಿನಲ್ಲಿ ಎರಡೂ ಕಣ್ಣುಗಳಿಂದ ಸ್ಪಷ್ಟವಾದ ನೋಟ ಬೇಕು.

ಮಾಲುಗಣ್ಣಿನಲ್ಲಿ ಎರಡು ಕಣ್ಣುಗಳು ಬೇರೆ ಬೇರೆ ಕಡೆ ನೋಡುವುದರಿಂದ ಮಗುವಿನ ಮಿದುಳು ಒಂದರ ಸುದ್ದಿಯನ್ನು ಬದಿಗೆ ತಳ್ಳಲು ಕಲಿಯುತ್ತದೆ. ನಾವು ಸೋಮಾರಿ ಕಣ್ಣು ಎನ್ನುವುದು ಇದನ್ನೇ. ದೋಷ ಇರುವುದು ಕಣ್ಣಿನಲ್ಲಿ ಅಲ್ಲ, ಮಿದುಳಿನ ಪಾಲುಗಾರಿಕೆಯಲ್ಲಿ. ಕನ್ನಡಕ, ಚೆನ್ನಾಗಿರುವ ಕಣ್ಣಿಗೆ ದಿನದ ಕೆಲವು ತಾಸು ಮುಚ್ಚುವ ಬಟ್ಟೆ, ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆ, ಇವೆಲ್ಲ ಏಳೆಂಟು ವರ್ಷದೊಳಗೆ ಹೆಚ್ಚು ಫಲ ಕೊಡುತ್ತವೆ. ಅದರ ನಂತರವೂ ಕೆಲವು ಮಕ್ಕಳಲ್ಲಿ ಸುಧಾರಣೆ ಕಾಣುತ್ತದೆ, ಆದರೆ ಅದನ್ನೇ ನೆಪ ಮಾಡಿಕೊಂಡು ಕಾಯಬಾರದು.

ಬೆಟ್ಟದಂಚು · ಶಿರಸಿ

ವೈದ್ಯರ ಮಾತಿಗೆ ನನ್ನದೂ ಒಂದು ಅನುಭವ ಸೇರಿಸುತ್ತೇನೆ. ನಮ್ಮಲ್ಲಿಗೆ ಅಡಿಕೆ ಕೊನೆ (ಗೊನೆ) ಕೊಯ್ಯಲು ಬರುತ್ತಿದ್ದ ಕೊನೆಗೌಡನೊಬ್ಬನಿಗೆ ಚಿಕ್ಕಂದಿನಿಂದಲೂ ಒಂದು ಕಣ್ಣಿನ ನೋಟ ಮಂದವಾಗಿತ್ತು. ಆದರೂ ಒಂದು ಮರದ ತುದಿಯಿಂದ ಪಕ್ಕದ ಮರವನ್ನು ಎಳೆದುಕೊಂಡು ದಾಟುವುದರಲ್ಲಿ ಅವನಿಗೆ ಎಂದೂ ಕಷ್ಟವಾಗಿರಲಿಲ್ಲ. ಎರಡೂ ಕಣ್ಣುಗಳ ಕೂಡುನೋಟ ಇಲ್ಲದೆ ಅಂತರ ತಿಳಿಯುವುದು ಹೇಗೆ?

ಕೂರ್ಮಗಡ · ಕಾರವಾರ

ಅಂತರ ತಿಳಿಯಲು ಕೂಡುನೋಟ ಒಂದೇ ದಾರಿಯಲ್ಲ. ತಲೆ ಅಲುಗಿಸಿದಾಗ ಹತ್ತಿರದ ವಸ್ತು ಹೆಚ್ಚು, ದೂರದ್ದು ಕಡಿಮೆ ಸರಿದಂತೆ ಕಾಣುವುದು, ಒಂದು ವಸ್ತು ಇನ್ನೊಂದನ್ನು ಮರೆಮಾಡುವುದು, ಪರಿಚಿತ ವಸ್ತುವಿನ ಗಾತ್ರ, ಇವೆಲ್ಲವೂ ನೆರವಾಗುತ್ತವೆ. ಜರ್ಬಿಲ್ ಎಂಬ ಇಲಿಯಂಥ ಪ್ರಾಣಿ ಹಾರುವ ಮೊದಲು ತಲೆಯನ್ನು ಮೇಲೆ ಕೆಳಗೆ ಆಡಿಸಿ ಅಂತರ ಅಳೆಯುತ್ತದೆ. ನಿಮ್ಮ ಕೊನೆಗೌಡ ಮರದ ತುದಿಯಲ್ಲಿ ತೂಗುತ್ತಲೇ ಇದ್ದುದರಿಂದ ಅವನಿಗೆ ಈ ಸೌಲಭ್ಯ ಪುಕ್ಕಟೆಯಾಗಿ ದೊರೆತಿತ್ತು. ಸೂಜಿಗೆ ದಾರ ಪೋಣಿಸುವ ಕೆಲಸ ಕೊಟ್ಟಿದ್ದರೆ ತೊಡಕು ಕಾಣುತ್ತಿತ್ತು.

ಉಂಚಳ್ಳಿ · ಸಿದ್ದಾಪುರ

ಅಕ್ಕನಿಗೆ ನಿಮ್ಮ ಉತ್ತರವನ್ನು ಓದಿ ಹೇಳಿದ್ದೇನೆ, ಸೋಮವಾರ ಕರೆದುಕೊಂಡು ಹೋಗುತ್ತಾರೆ. ಆದರೆ ಬೆಕ್ಕಿನ ಮರಿಯ ಕಣ್ಣು ಹೊಲಿದರು ಎಂಬುದನ್ನು ಓದಿ ಮನಸ್ಸಿಗೆ ಬೇಸರವಾಯಿತು ಎಂಬುದನ್ನೂ ಹೇಳಬೇಕು.

ಜೀವಶಾಸ್ತ್ರದ ಮಾಸ್ತರು · ಕುಮಟಾ

ಬೇಸರವಾಗುವುದು ಸಹಜ. ಇಂದು ಅಂಥ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅದು ಸುಲಭವಾಗಿ ಸಿಗುವುದಿಲ್ಲ. ಹಾಗೆಂದು ಅದರ ಫಲವನ್ನು ಅಲ್ಲಗಳೆಯಲಾಗದು; ಹುಟ್ಟಿನಿಂದಲೇ ಪೊರೆ ಇರುವ ಶಿಶುಗಳಿಗೆ ಮೊದಲ ತಿಂಗಳುಗಳಲ್ಲಿಯೇ ಶಸ್ತ್ರಚಿಕಿತ್ಸೆ ಮಾಡಬೇಕೆಂಬ ಇಂದಿನ ಪದ್ಧತಿಯ ಹಿಂದೆ ಅದೇ ತಿಳಿವಳಿಕೆ ಇದೆ.

ಕರಿ ಈಶಾಡ · ಅಂಕೋಲಾ

ಆ ಅವಧಿ ಮುಗಿದ ಮೇಲೆ ಬಾಗಿಲು ಮುಚ್ಚಿತು ಎಂಬುದನ್ನೂ ಇಂದು ಹಾಗೆ ಕಡ್ಡಿ ಮುರಿದಂತೆ ಹೇಳಲು ಬರುವುದಿಲ್ಲ. ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ಉತ್ತರ ಭಾರತದಲ್ಲಿ ಹುಟ್ಟು ಕುರುಡರಾಗಿದ್ದ ಮಕ್ಕಳಿಗೆ, ಹದಿಹರೆಯದವರಿಗೂ, ಪೊರೆ ತೆಗೆಸಿತು. ಅವರ ನೋಟದ ಸೂಕ್ಷ್ಮತೆ ಪೂರ್ತಿ ಬರಲಿಲ್ಲ, ಆದರೆ ಬದುಕಿಗೆ ಬೇಕಾದಷ್ಟು ನೋಟ ಬಂದಿತು. ಕೈಯಿಂದ ಮುಟ್ಟಿ ತಿಳಿದ ಆಕಾರವನ್ನು ಶಸ್ತ್ರಚಿಕಿತ್ಸೆಯ ಬೆನ್ನಿಗೇ ಕಣ್ಣಿನಿಂದ ಗುರುತಿಸಲು ಅವರಿಗೆ ಆಗಲಿಲ್ಲ, ಅಲ್ಪ ಕಾಲದಲ್ಲಿಯೇ ಅದನ್ನು ಕಲಿತರು ಎಂಬುದು 2011ರಲ್ಲಿ ಪ್ರಕಟವಾಗಿದೆ.

ಕೂರ್ಮಗಡ · ಕಾರವಾರ

ಒಪ್ಪುತ್ತೇನೆ. ದೊಡ್ಡವರಾದ ಮೇಲೂ ಚಿಕಿತ್ಸೆ ಕೊಡಬೇಕು ಎಂಬುದಕ್ಕೆ ಅದು ಆಧಾರ. ಚಿಕ್ಕವರಿಗೆ ತಡ ಮಾಡಬಹುದು ಎಂಬುದಕ್ಕಲ್ಲ.

ಜೀವಶಾಸ್ತ್ರದ ಮಾಸ್ತರು · ಕುಮಟಾ

ಮೂಲ ಪ್ರಶ್ನೆಗೆ ಮರಳುವುದಾದರೆ, ಅಂಕೋಲೆಯವರು ಕೇಳಿದ ಕೆಲಸದ ವಿಷಯದಲ್ಲಿ ಇನ್ನೊಂದು ಸಾಕ್ಷ್ಯವನ್ನು ಯಾರೂ ಪ್ರಸ್ತಾಪಿಸಿಲ್ಲ. ಅಳಿಲು ಮಂಗ ಎಂದು ಕರೆಯುವ ದಕ್ಷಿಣ ಅಮೆರಿಕದ ಪುಟ್ಟ ಮಂಗಗಳಲ್ಲಿ ಎರಡೂ ಕಣ್ಣುಗಳ ಪಟ್ಟಿಗಳು ಒಂದು ಪ್ರಾಣಿಯಲ್ಲಿ ಸ್ಪಷ್ಟವಾಗಿ ಇರುತ್ತವೆ, ಇನ್ನೊಂದರಲ್ಲಿ ಕಾಣುವುದೇ ಇಲ್ಲ. ಒಂದೇ ಜಾತಿ, ಒಂದೇ ಬಗೆಯ ಜೀವನ. ಪಟ್ಟಿಯಿಲ್ಲದ ಮಂಗ ನೋಟದಲ್ಲಿ ಹಿಂದುಳಿದಿರುವ ಲಕ್ಷಣವಿಲ್ಲ. ಜೊನಾಥನ್ ಹಾರ್ಟನ್ ಮತ್ತು ಡೇನಿಯಲ್ ಆಡಮ್ಸ್ 2005ರಲ್ಲಿ ಇದನ್ನೂ ಇಂಥ ಇತರ ಸಂಗತಿಗಳನ್ನೂ ಮುಂದಿಟ್ಟು, ಸ್ತಂಭವೆಂಬುದು ಕೆಲಸವಿಲ್ಲದ ರಚನೆ ಎಂದು ನೇರವಾಗಿಯೇ ಬರೆದರು.

ಕರಿ ಈಶಾಡ · ಅಂಕೋಲಾ

ಅವರು ಬರೆದದ್ದು ಮುಖ್ಯವಾಗಿ ಕಣ್ಣಿನ ಪಟ್ಟಿಗಳ ಆಧಾರದ ಮೇಲೆ. ಪಟ್ಟಿ ಒಂದೇ ಜಾತಿಯಲ್ಲಿ ಇದ್ದೂ ಇಲ್ಲದೆಯೂ ನಡೆಯುತ್ತದೆ ಎಂದು ಒಪ್ಪಿದೆ. ಓರೆಯ ನಕ್ಷೆ ಹಾಗಲ್ಲ: ಇರುವ ಜಾತಿಯಲ್ಲಿ ಪ್ರತಿಯೊಂದು ಆರೋಗ್ಯವಂತ ಪ್ರಾಣಿಯಲ್ಲಿಯೂ ಇದೆ, ಇಲ್ಲದ ಜಾತಿಯಲ್ಲಿ ಯಾವುದರಲ್ಲಿಯೂ ಇಲ್ಲ. ಪಿನ್‌ವೀಲ್ ಇಲ್ಲದೆ ಹುಟ್ಟಿದ, ಆದರೂ ಚೆನ್ನಾಗಿ ನೋಡುವ ಒಂದು ಬೆಕ್ಕನ್ನು ತೋರಿಸಿದರೆ ನಾನು ಸುಮ್ಮನಾಗುತ್ತೇನೆ.

ಅಘನಾಶಿನಿ · ಸಿದ್ದಾಪುರ, ಈಗ ಬೆಂಗಳೂರು

ಅಂಥ ಬೆಕ್ಕು ಈವರೆಗೆ ಯಾರಿಗೂ ಸಿಕ್ಕಿಲ್ಲ, ಅಣ್ಣಾ. ಕಣ್ಣು ಮುಚ್ಚಿಸಿ ಬೆಳೆಸಿದ ಮರಿಗಳಲ್ಲಿಯೂ ಮೊದಲ ಮೂರು ವಾರಗಳವರೆಗೆ ನಕ್ಷೆ ಹೆಚ್ಚುಕಡಿಮೆ ಸರಿಯಾಗಿಯೇ ಬೆಳೆಯುತ್ತದೆ ಎಂದು ಮೈಕೆಲ್ ಕ್ರೇರ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದ್ದಾರೆ. ನೋಟ ಅದನ್ನು ಉಳಿಸುತ್ತದೆ, ಹುಟ್ಟಿಸುವುದಿಲ್ಲ. ಆದ್ದರಿಂದ ನಕ್ಷೆಯನ್ನು ಮಾತ್ರ ಕೆಡಿಸಿ, ಕೋಶಗಳ ಓರೆಯ ಆಯ್ಕೆಯನ್ನು ಹಾಗೆಯೇ ಉಳಿಸಿ, ನಂತರ ಆ ಪ್ರಾಣಿಯ ನೋಟವನ್ನು ಪರೀಕ್ಷಿಸುವ ಪ್ರಯೋಗವೇ ಬೇಕು. ಅದನ್ನು ಮಾಡುವ ದಾರಿ ಯಾವುದೆಂದು ನಮ್ಮ ಪ್ರಯೋಗಾಲಯದ ಚಹಾದ ಹೊತ್ತಿನಲ್ಲಿ ವಾರಕ್ಕೊಮ್ಮೆಯಾದರೂ ಜಗಳವಾಗುತ್ತದೆ.

ಶರಾವತಿ ಸೇತುವೆ · ಹೊನ್ನಾವರ

ಜಗಳದಲ್ಲಿ ಅಂಕೋಲೆಯವರನ್ನೂ ಸೇರಿಸಿಕೊಳ್ಳಿ, ಚಹಾ ಆರುವ ಮೊದಲು ಮುಗಿಯಲಾರದು.

ಕರಿ ಈಶಾಡ · ಅಂಕೋಲಾ

ಚಹಾ ಕೊಡಿಸುವುದಾದರೆ ಬರುತ್ತೇನೆ. ಅಷ್ಟರೊಳಗೆ ಮಾಸ್ತರರು ತಮ್ಮ ತಂತಿಯ ಉಳಿತಾಯದ ಲೆಕ್ಕದಲ್ಲಿ ಇಲಿ ಏಕೆ ದುಂದು ಮಾಡುತ್ತಿದೆ ಎಂಬುದನ್ನು ವಿವರಿಸಲಿ. ನಾನು ಕೇಳಿದ ಆ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿದೆ.